ವಿಕ್ಟೊರಿನಾಕ್ಸ್: ಎಲ್ಸೆನರ್ ಕುಟುಂಬದ ಜೇಬುಚಾಕು ಕಾರ್ಖಾನೆ

ಸ್ವಿಟ್ಜರ್ಲೆಂಡಿನ ಶ್ವೀಟ್ಸ್ ಪ್ರಾಂತ್ಯದ ಇಬಾಖ್ ಎಂಬ ಊರಿನಲ್ಲಿರುವ ಚಾಕು ತಯಾರಿಕೆಯ ಸಂಸ್ಥೆ. ಕೆಂಪು ಹಿಡಿ, ಅದರ ಮೇಲೆ ಗುರಾಣಿಯೊಳಗೆ ಬಿಳಿ ಶಿಲುಬೆ, ಹಿಡಿಯ ಸಂದಿನಲ್ಲಿ ಮಡಿಚಿಕೊಂಡ ಅಲಗು, ದಬ್ಬಣ, ಕತ್ತರಿ, ಅರ, ಗರಗಸ. 'ಸ್ವಿಸ್ ಆರ್ಮಿ ನೈಫ್' ಎಂಬ ಹೆಸರಿನಲ್ಲಿ ಜಗತ್ತಿನ ಎಲ್ಲೆಡೆ ಗುರುತಿಸುವ ಜೇಬುಚಾಕು ಇದೇ. 1884ರಲ್ಲಿ ಒಬ್ಬ ಯುವಕ ತೆರೆದ ಸಣ್ಣ ಕಮ್ಮಟ ನಾಲ್ಕು ತಲೆಮಾರು ದಾಟಿ ಅದೇ ಊರಿನಲ್ಲಿ, ಅದೇ ಮನೆತನದವರ ಮುಂದಾಳತ್ವದಲ್ಲಿ ನಡೆದುಕೊಂಡು ಬಂದಿದೆ. ನಾಲ್ಕು ತಲೆಮಾರಿನ ಯಜಮಾನರ ಹೆಸರೂ ಕಾರ್ಲ್ ಎಲ್ಸೆನರ್ ಎಂದೇ ಇರುವುದರಿಂದ ಈ ಲೇಖನದಲ್ಲಿ ಅವರನ್ನು ಮೊದಲನೆಯ, ಎರಡನೆಯ ಎಂಬ ಕ್ರಮದಲ್ಲಿ ಹೇಳಿದೆ.

ಈ ಚಾಕುವಿನ ರಚನೆಯ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ, ಅದು ನ್ಯಾಯವೂ ಹೌದು. ಆದರೆ ಸಂಸ್ಥೆಯ ಒಂದೂಕಾಲು ಶತಮಾನಕ್ಕೂ ಮೀರಿದ ಚರಿತ್ರೆಯನ್ನು ಒಟ್ಟಾಗಿ ಓದಿದವರಿಗೆ ಇನ್ನೊಂದು ಸಂಗತಿ ಹೆಚ್ಚು ಕಾಣುತ್ತದೆ. ದುಡಿಮೆಗಾಗಿ ಊರು ಬಿಡುತ್ತಿದ್ದ ಜನರಿಗೆ ಊರಿನಲ್ಲೇ ಕೆಲಸ ಸಿಗಬೇಕು ಎಂಬ ಹಠ ಇಲ್ಲಿ ಮೊದಲು ಹುಟ್ಟಿತು, ಚಾಕು ಆಮೇಲೆ ಬಂತು. ಮುಂದೆ ಈ ಕುಟುಂಬ ತೆಗೆದುಕೊಂಡ ದೊಡ್ಡ ತೀರ್ಮಾನಗಳೆಲ್ಲ ಈ ಹಠದಿಂದಲೇ ಅರ್ಥವಾಗುತ್ತವೆ.

ಆರಂಭ

ಇಬಾಖ್ ಊರು ಶ್ವೀಟ್ಸ್ ಪಟ್ಟಣಕ್ಕೆ ಹೊಂದಿಕೊಂಡಿದೆ. ಪಕ್ಕದಲ್ಲಿ ಮುಓಟಾ ನದಿ, ಮೇಲೆ ಮಿಥೆನ್ ಶಿಖರಗಳು. ಸ್ವಿಟ್ಜರ್ಲೆಂಡ್ ಎಂಬ ಹೆಸರು ಬಂದದ್ದೇ ಈ ಪ್ರಾಂತ್ಯದಿಂದ. 1291ರ ಒಕ್ಕೂಟದ ಸನ್ನದನ್ನು ಈಗಲೂ ಶ್ವೀಟ್ಸ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಕೊಂಡು ಬರಲಾಗಿದೆ. ಇಂದು ಸಿರಿವಂತ ದೇಶವೆಂದು ನಾವು ತಿಳಿದಿರುವ ಸ್ವಿಟ್ಜರ್ಲೆಂಡ್ 19ನೆಯ ಶತಮಾನದಲ್ಲಿ ಬಡತನದ ನಾಡಾಗಿತ್ತು. ಬೆಟ್ಟದ ಇಳಿಜಾರಿನ ಹುಲ್ಲುಗಾವಲು, ನಾಲ್ಕಾರು ದನ, ಇಷ್ಟರಲ್ಲಿ ದೊಡ್ಡ ಸಂಸಾರ ಸಾಗುತ್ತಿರಲಿಲ್ಲ. ಕಿರಿಯ ಮಕ್ಕಳು ಅಮೆರಿಕದ ಹಡಗು ಹತ್ತುವುದು ಅಲ್ಲಿ ಮಾಮೂಲಿಯಾಗಿತ್ತು.

ಮೊದಲನೆಯ ಕಾರ್ಲ್ ಎಲ್ಸೆನರ್ ಹುಟ್ಟಿದ್ದು 1860ರಲ್ಲಿ, ಟೋಪಿ ಮಾಡುವವರ ಮನೆಯಲ್ಲಿ. ಮನೆಯ ಕಸುಬನ್ನು ಹಿಡಿಯದೆ ಚಾಕು ಮಾಡುವ ವಿದ್ಯೆ ಕಲಿತ. ಕಲಿಕೆ ಮುಗಿದ ಮೇಲೆ ಆ ಕಾಲದ ಪದ್ಧತಿಯಂತೆ ಊರೂರು ತಿರುಗಿ ಕೆಲಸ ಮಾಡುತ್ತ ಪ್ಯಾರಿಸ್ಸಿನಲ್ಲೂ ದಕ್ಷಿಣ ಜರ್ಮನಿಯ ಟುಟ್ಲಿಂಗನ್‌ನಲ್ಲೂ ಪಳಗಿದ. ಟುಟ್ಲಿಂಗನ್ ಶಸ್ತ್ರಚಿಕಿತ್ಸೆಯ ಸಲಕರಣೆಗಳಿಗೆ ಹೆಸರಾದ ಪಟ್ಟಣ. ಕೂದಲೆಳೆಯಷ್ಟೂ ತಪ್ಪದ ಉಕ್ಕಿನ ಕೆಲಸವನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1884ರಲ್ಲಿ ಇಬಾಖ್‌ನ ಟೋಬೆಲ್ ಹಳ್ಳದ ದಂಡೆಯಲ್ಲಿ ತನ್ನ ಕಮ್ಮಟ ತೆರೆದ. ಸಾಣೆ ಮತ್ತು ಮೆರುಗಿನ ಚಕ್ರಗಳನ್ನು ತಿರುಗಿಸಲು ಹಳ್ಳದ ನೀರಿನ ಬಲ. ತಾಯಿ ವಿಕ್ಟೋರಿಯಾ ಮಗನ ಬೆನ್ನಿಗೆ ನಿಂತಳು. ಆಕೆಯ ಹೆಸರು ಮುಂದೆ ಸಂಸ್ಥೆಯ ಹೆಸರೇ ಆಯಿತು.

ಸೈನಿಕನ ಚಾಕು

1889ರಲ್ಲಿ ಸ್ವಿಸ್ ಸೈನ್ಯ ಶ್ಮಿಟ್-ರುಬಿನ್ ಎಂಬ ಹೊಸ ಬಂದೂಕನ್ನು ಒಪ್ಪಿಕೊಂಡಿತು. ಅದನ್ನು ಬಿಚ್ಚಿ ಶುಚಿ ಮಾಡಲು ಸ್ಕ್ರೂಡ್ರೈವರ್ ಬೇಕಿತ್ತು. ಸೈನಿಕರ ಆಹಾರ ತಗಡಿನ ಡಬ್ಬಿಗಳಲ್ಲಿ ಬರತೊಡಗಿತ್ತು. ಅವನ್ನು ಕೊಯ್ದು ತೆರೆಯಲೂ ಒಂದು ಸಾಧನ ಬೇಕಿತ್ತು. ಇವೆರಡನ್ನೂ ಒಂದು ಅಲಗು ಮತ್ತು ಒಂದು ದಬ್ಬಣದ ಜೊತೆ ಸೇರಿಸಿ, ಕಡುಬಣ್ಣದ ಓಕ್ ಮರದ ಹಿಡಿಯೊಳಗೆ ಮಡಿಸಿಟ್ಟರೆ ಅದೇ '1890ರ ಮಾದರಿ' ಎಂಬ ಸೈನಿಕನ ಚಾಕು.

ಅಷ್ಟು ಚಾಕುಗಳನ್ನು ಒಟ್ಟಿಗೆ ಮಾಡಿಕೊಡುವ ಶಕ್ತಿ ಆಗ ಯಾವ ಸ್ವಿಸ್ ಕಮ್ಮಟಕ್ಕೂ ಇರಲಿಲ್ಲ. ಮೊದಲ 15,000 ಚಾಕುಗಳ ಕೆಲಸ ಜರ್ಮನಿಯ ಸೋಲಿಂಗನ್ ಪಟ್ಟಣದ ವೆಸ್ಟರ್ ಕಂಪನಿಯ ಪಾಲಾಯಿತು. ಸ್ವಿಸ್ ಸೈನಿಕನ ಜೇಬಿಗೆ ಜರ್ಮನ್ ಚಾಕು ಎಂಬುದು ಎಲ್ಸೆನರ್‌ಗೆ ಸಹಿಸಲಾಗದ ಮಾತಾಗಿತ್ತು. ಒಂಟಿಯಾಗಿ ಆಗದ ಕೆಲಸಕ್ಕೆ ದೇಶದ ಚಾಕು ಕಸುಬಿನವರನ್ನು ಒಂದು ಸಂಘವಾಗಿ ಕೂಡಿಸಿದ. ಕೆಲಸವನ್ನು ಹಂಚಿಕೊಂಡು ಮಾಡಿ 1891ರಲ್ಲಿ ಸೈನ್ಯಕ್ಕೆ ಚಾಕು ಪೂರೈಸಲು ಆರಂಭಿಸಿದರು.

ಆದರೆ ಬೆಲೆಯಲ್ಲಿ ಸೋಲಿಂಗನ್ನಿನ ದೊಡ್ಡ ಕಾರ್ಖಾನೆಯನ್ನು ಗೆಲ್ಲಲಾಗಲಿಲ್ಲ. ಸಂಘದ ಸದಸ್ಯರು ಕೈಬಿಡುತ್ತ ಬಂದರು. ಎಲ್ಸೆನರ್ ಪಟ್ಟು ಬಿಡದೆ ನಷ್ಟದಲ್ಲೇ ಚಾಕು ಮಾಡುತ್ತ ಹೋಗಿ ದಿವಾಳಿಯ ಅಂಚಿಗೆ ಬಂದ. ಬಂಧುಗಳ ಹಾಗೂ ಸಾಲ ಕೊಟ್ಟವರ ತಾಳ್ಮೆಯೇ ಕಮ್ಮಟವನ್ನು ಉಳಿಸಿತು. ಈ ವರ್ಷಗಳ ಕಷ್ಟವನ್ನು ಸಂಸ್ಥೆಯ ಬಗ್ಗೆ ಬರೆಯುವವರು ಒಂದು ಸಾಲಿನಲ್ಲಿ ದಾಟಿಬಿಡುವುದುಂಟು. ಮುಂದಿನ ತಲೆಮಾರುಗಳು ಸಾಲಕ್ಕೆ ಹೆದರಿದ್ದು, ಲಾಭವನ್ನು ಹಂಚಿಕೊಳ್ಳದೆ ಕಾಪಿಟ್ಟದ್ದು ಏಕೆ ಎಂಬುದಕ್ಕೆ ಉತ್ತರ ಈ ವರ್ಷಗಳಲ್ಲೇ ಇದೆ.

ಅಧಿಕಾರಿಯ ಚಾಕು

ಸೈನಿಕನ ಚಾಕು ಗಟ್ಟಿಯಾಗಿತ್ತು, ಜೊತೆಗೆ ಭಾರವಾಗಿಯೂ ಇತ್ತು. ಎಲ್ಸೆನರ್ ವಿದ್ಯಾರ್ಥಿಗಳಿಗೆ, ಕೆಡೆಟ್‌ಗಳಿಗೆ, ರೈತರಿಗೆ ಅವರವರ ಹೆಸರಿಟ್ಟು ಬೇರೆಬೇರೆ ಜೇಬುಚಾಕುಗಳನ್ನು ಮಾಡುತ್ತಿದ್ದ. ಸೈನ್ಯದ ಅಧಿಕಾರಿಗಳಿಗಾಗಿ ಹಗುರವಾದ, ನೋಡಲು ಚೆಂದವಾದ ಒಂದು ಚಾಕುವನ್ನು ರೂಪಿಸಲು ಹೊರಟಾಗ ಅವನಿಗೆ ಹೊಳೆದ ಉಪಾಯ ಇಡೀ ಉದ್ಯಮದ ದಿಕ್ಕನ್ನೇ ಬದಲಿಸಿತು.

ಮಡಿಸುವ ಚಾಕುವಿನ ಜೀವ ಅದರ ಬೆನ್ನಿನ ಸ್ಪ್ರಿಂಗ್‌ನಲ್ಲಿದೆ. ಅಲಗನ್ನು ತೆರೆದಾಗ ಟಕ್ಕೆಂದು ನಿಲ್ಲಿಸುವುದೂ ಮಡಿಸಿದಾಗ ಒಳಗೆ ಹಿಡಿದಿಡುವುದೂ ಈ ಉಕ್ಕಿನ ಪಟ್ಟಿಯೇ. ಸಾಧನಗಳು ಹೆಚ್ಚಿದಂತೆ ಸ್ಪ್ರಿಂಗ್‌ಗಳೂ ಹೆಚ್ಚಿ ಚಾಕು ದಪ್ಪವಾಗುತ್ತ ಹೋಗುತ್ತದೆ. ಎಲ್ಸೆನರ್ ಒಂದೇ ಸ್ಪ್ರಿಂಗ್‌ನ ಎರಡು ಮಗ್ಗುಲನ್ನೂ ದುಡಿಸಿಕೊಂಡ. ಅದು ಹೊಟ್ಟೆಯ ಕಡೆ ಅಲಗುಗಳನ್ನು ಹಿಡಿದರೆ ಬೆನ್ನಿನ ಕಡೆ ದಬ್ಬಣವನ್ನೂ ಬಿರಡೆ ತೆಗೆಯುವ ಸುರುಳಿಯನ್ನೂ ಹಿಡಿಯಿತು. ಎರಡು ಸ್ಪ್ರಿಂಗ್‌ಗಳ ಮೇಲೆ ಆರು ಸಾಧನ ನಿಂತವು. ಸೈನಿಕನ ಚಾಕುವಿನಲ್ಲಿದ್ದ ನಾಲ್ಕಕ್ಕೆ ಒಂದು ಚಿಕ್ಕ ಅಲಗು ಮತ್ತು ಸುರುಳಿ ಸೇರಿದ್ದವು. 1897ರ ಜೂನ್ 12ರಂದು 'ಅಧಿಕಾರಿ ಮತ್ತು ಕ್ರೀಡಾ ಚಾಕು' ಎಂದು ಇದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು.

ಸೈನ್ಯ ಈ ಚಾಕುವನ್ನು ಅಧಿಕೃತ ಸಲಕರಣೆಗಳ ಪಟ್ಟಿಗೆ ಸೇರಿಸಲೇ ಇಲ್ಲ. ಸುರುಳಿ ಸೈನಿಕನ ಕೆಲಸಕ್ಕೆ ಬೇಕಾದ ವಸ್ತುವಲ್ಲ ಎಂಬುದು ಸೈನ್ಯದ ಎಣಿಕೆ. ಸರ್ಕಾರ ಕೊಡುವ ಸೈನಿಕನ ಚಾಕುವಿನಲ್ಲಿ ಇವತ್ತಿಗೂ ಸುರುಳಿ ಇರುವುದಿಲ್ಲ. ಅಧಿಕಾರಿಗಳು ತಮ್ಮ ಜೇಬಿನ ಹಣ ಕೊಟ್ಟು ಕೊಂಡರು, ಅವರಿಂದ ಊರಿನ ಜನರೂ ಕಲಿತರು. ಲೋಕಪ್ರಸಿದ್ಧವಾದ ಕೆಂಪು ಚಾಕು ಈ ಅಧಿಕಾರಿಯ ಚಾಕುವಿನ ಸಂತತಿ. ಸೈನಿಕನಿಗೆ ಕೊಡುತ್ತ ಬಂದ ಚಾಕುವಿನ ದಾರಿಯೇ ಬೇರೆ. ಅದರ ಓಕ್ ಹಿಡಿ ಹೋಗಿ ನಾರುಹಲಗೆಯ ಹಿಡಿ ಬಂತು, 1951ರಲ್ಲಿ ಅಲಗು ತುಕ್ಕು ಹಿಡಿಯದ ಉಕ್ಕಿನದಾಯಿತು, 1961ರಲ್ಲಿ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಹಿಡಿ ಬಂದು ಅರ್ಧ ಶತಮಾನದ ಹತ್ತಿರ ಹಾಗೆಯೇ ನಡೆಯಿತು. ಇವೆರಡನ್ನೂ ಒಂದೇ ಎಂದು ತಿಳಿಯುವುದು ಬಹಳ ಸಾಮಾನ್ಯವಾದ ತಪ್ಪು.

1909ರಲ್ಲಿ ತಾಯಿ ತೀರಿಕೊಂಡಾಗ ಎಲ್ಸೆನರ್ ಆಕೆಯ ನೆನಪಿಗೆ 'ವಿಕ್ಟೋರಿಯಾ' ಎಂಬುದನ್ನು ತನ್ನ ಸರಕಿನ ಹೆಸರಾಗಿಸಿದ. ಗುರಾಣಿಯೊಳಗಿನ ಶಿಲುಬೆಯ ಗುರುತೂ ಅದೇ ಕಾಲದ್ದು. 1918ರ ಕೊನೆಯಲ್ಲಿ ಅವನೂ ಹೋದ. 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ ಬಳಕೆ ಆರಂಭವಾದಾಗ ಅದನ್ನು ಸೂಚಿಸುವ 'ಇನಾಕ್ಸ್' ತಾಯಿಯ ಹೆಸರಿಗೆ ಸೇರಿ 'ವಿಕ್ಟೊರಿನಾಕ್ಸ್' ಎಂದಾಯಿತು.

ಉಕ್ಕಿನ ಹದ

ಎರಡನೆಯ ಕಾರ್ಲ್ ಯಂತ್ರಗಳ ಕಡೆ ಒಲವಿದ್ದವನು. 1931ರಲ್ಲಿ ಬ್ರೌನ್ ಬೊವೆರಿ ಕಂಪನಿಯ ನೆರವಿನಿಂದ ಇಬಾಖ್‌ನಲ್ಲಿ ಸಂಪೂರ್ಣ ವಿದ್ಯುತ್ತಿನಿಂದ ನಡೆಯುವ ಉಕ್ಕು ಹದಗೊಳಿಸುವ ಘಟಕ ಕಟ್ಟಿಸಿದ. ಜಗತ್ತಿನಲ್ಲಿ ಇಂಥದ್ದು ಇದೇ ಮೊದಲನೆಯದು ಎಂದು ಸಂಸ್ಥೆ ಹೇಳಿಕೊಳ್ಳುತ್ತದೆ.

ಇದರ ಮಹತ್ವ ತಿಳಿಯಬೇಕಾದರೆ ಅಲಗು ಹೇಗೆ ಆಗುತ್ತದೆ ಎಂಬುದನ್ನು ನೋಡಬೇಕು. ಉಕ್ಕಿನ ಪಟ್ಟಿಯಿಂದ ಒತ್ತಿ ತೆಗೆದ ಅಲಗು ಮೊದಲಿಗೆ ಮೆತ್ತಗಿರುತ್ತದೆ. ಅದನ್ನು ಸುಮಾರು 1040 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಬೇಗನೆ ತಣಿಸಿದರೆ ಗಡಸಾಗುತ್ತದೆ. ಬರಿಯ ಗಡಸು ಇದ್ದರೆ ಗಾಜಿನಂತೆ ಸಿಡಿಯುತ್ತದೆ. ಆದ್ದರಿಂದ ಮತ್ತೆ ಸುಮಾರು 160 ಡಿಗ್ರಿಯ ಹದವಾದ ಶಾಖ ಕೊಟ್ಟು ಬಿಗುವನ್ನು ಇಳಿಸುತ್ತಾರೆ. ಇದ್ದಿಲಿನ ಕುಲುಮೆಯಲ್ಲಿ ಕಮ್ಮಾರ ಕೆಂಡದ ಬಣ್ಣ ನೋಡಿ ಶಾಖವನ್ನು ಅಳೆಯುತ್ತಿದ್ದ. ಕಣ್ಣು ಸ್ವಲ್ಪ ತಪ್ಪಿದರೆ ಒಂದು ಅಲಗು ಬಾಗುತ್ತಿತ್ತು, ಇನ್ನೊಂದು ಮುರಿಯುತ್ತಿತ್ತು. ವಿದ್ಯುತ್ ಕುಲುಮೆಯಲ್ಲಿ ಸಾವಿರ ಅಲಗುಗಳಿಗೂ ಒಂದೇ ಶಾಖ, ಒಂದೇ ಹದ. ಕೊಳ್ಳುವವನು ಯಾವ ಊರಿನ ಅಂಗಡಿಯಲ್ಲಿ ಕೊಂಡರೂ ಚಾಕು ಒಂದೇ ರೀತಿ ಇರುತ್ತದೆ ಎಂಬ ನಂಬಿಕೆ ಇಲ್ಲಿಂದ ಬೆಳೆಯಿತು.

ಒಂದೇ ಚಾಕುವಿನ ಎಲ್ಲ ಭಾಗಗಳಿಗೂ ಒಂದೇ ಗಡಸುತನ ಇರುವುದಿಲ್ಲ. ರಾಕ್‌ವೆಲ್ ಮಾನದಲ್ಲಿ ಅಲಗಿಗೆ 56, ಕತ್ತರಿ, ಗರಗಸ ಮತ್ತು ಉಗುರಿನ ಅರಕ್ಕೆ 53, ಸ್ಕ್ರೂಡ್ರೈವರ್, ದಬ್ಬಣ ಮತ್ತು ಡಬ್ಬಿ ತೆರೆಯುವ ಸಾಧನಕ್ಕೆ 52, ಸುರುಳಿಗೂ ಸ್ಪ್ರಿಂಗ್‌ಗೂ 49. ಕೊಯ್ಯುವುದು ಗಡಸಾಗಿರಬೇಕು, ತಿರುಚಿಸಿಕೊಳ್ಳುವುದು ಬಾಗಿ ಮತ್ತೆ ನೆಟ್ಟಗಾಗಬೇಕು. ಅಲಗನ್ನು 60ರ ಮೇಲಕ್ಕೆ ಗಡಸುಗೊಳಿಸುವ ತಯಾರಕರೂ ಇದ್ದಾರೆ. ಅಂಥ ಅಲಗಿನ ಹರಿತ ಹೆಚ್ಚು ಕಾಲ ನಿಲ್ಲುತ್ತದೆ ನಿಜ, ಮೊಂಡಾದಾಗ ಮಾತ್ರ ಮನೆಯ ಸಾಣೆಕಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ. ರೈತ, ಸೈನಿಕ, ಶಾಲೆಯ ಹುಡುಗ ತಾವೇ ಮಸೆದುಕೊಳ್ಳುವ ಚಾಕುವಿಗೆ ಇಬಾಖ್‌ನವರು ಆರಿಸಿದ ಹದವೇ ಸರಿ ಎಂಬುದು ಈ ಲೇಖಕನ ಅಭಿಪ್ರಾಯ.

ಅಧಿಕಾರಿಯ ಚಾಕುವಿನ ರೂಢಿಯ ಉದ್ದ 91 ಮಿಲಿಮೀಟರ್, ಕೀಲಿಗೊಂಚಲಿಗೆ ಸಿಕ್ಕಿಸುವ ಚಿಕ್ಕದು 58 ಮಿಲಿಮೀಟರ್. ಹಿಡಿಯ ತುದಿಯ ಸೀಳುಗಳಲ್ಲಿ ಒಂದು ಚಿಮಟ, ಒಂದು ಹಲ್ಲುಕಡ್ಡಿ. 1980ರ ದಶಕದಲ್ಲಿ ಬಂದ 'ಸ್ವಿಸ್‌ಚಾಂಪ್' ಎಂಬ ಮಾದರಿ 33 ಕೆಲಸಗಳಿಗೆ ಒದಗುತ್ತದೆ. ಅದರೊಳಗೆ 64 ಬಿಡಿಭಾಗಗಳಿವೆ, ತೂಕ 185 ಗ್ರಾಂ. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಈ ಚಾಕುವನ್ನು ಉತ್ತಮ ವಿನ್ಯಾಸದ ಮಾದರಿಯಾಗಿ ತನ್ನ ಸಂಗ್ರಹದಲ್ಲಿ ಇಟ್ಟುಕೊಂಡಿದೆ.

ಹೊರದೇಶಗಳಲ್ಲಿ

ಎರಡನೆಯ ಮಹಾಯುದ್ಧದ ನಂತರ ಯೂರೋಪಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು ತಮ್ಮ ಸೈನ್ಯದ ಅಂಗಡಿಗಳಲ್ಲಿ ಈ ಚಾಕುವನ್ನು ಕಂಡು ಮೆಚ್ಚಿದರು. ಮನೆಗೆ ಹೋಗುವಾಗ ಉಡುಗೊರೆಯಾಗಿ ಕೊಂಡುಹೋದರು. 'ಅಧಿಕಾರಿಯ ಚಾಕು' ಎಂಬುದರ ಜರ್ಮನ್ ಹೆಸರು ಅವರ ನಾಲಿಗೆಗೆ ಒಗ್ಗದೆ 'ಸ್ವಿಸ್ ಆರ್ಮಿ ನೈಫ್' ಎಂದರು. ಆ ಹೆಸರೇ ನಿಂತಿತು. 1950ರಲ್ಲಿ ಎರಡನೆಯ ಕಾರ್ಲ್ ತೀರಿಕೊಂಡು ಮೂರನೆಯ ಕಾರ್ಲ್ ಹೊಣೆ ಹೊತ್ತಾಗ ಬೇಡಿಕೆ ಏರುತ್ತಲೇ ಇತ್ತು. ಐವತ್ತಕ್ಕೂ ಹೆಚ್ಚು ವರ್ಷ ಸಂಸ್ಥೆಯನ್ನು ನಡೆಸಿದ ಈತನ ಕಾಲದಲ್ಲೇ ಇಬಾಖ್‌ನ ಕಮ್ಮಟ ದೊಡ್ಡ ಕಾರ್ಖಾನೆಯಾಗಿ ಬೆಳೆಯಿತು. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ತನ್ನ ಸಹಿಯಿರುವ ಚಾಕುಗಳನ್ನು ಅತಿಥಿಗಳಿಗೆ ಕೊಡುವ ವಾಡಿಕೆ ಇಟ್ಟುಕೊಂಡಿದ್ದರು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ತನ್ನ ಯಾನಿಗಳ ಸಲಕರಣೆಗಳಲ್ಲಿ ಇದನ್ನು ಸೇರಿಸಿತು. 1995ರಲ್ಲಿ ರಷ್ಯದ 'ಮಿರ್' ನಿಲ್ದಾಣಕ್ಕೆ ಹೋದ ಕೆನಡಾದ ಯಾನಿ ಕ್ರಿಸ್ ಹ್ಯಾಡ್‌ಫೀಲ್ಡ್ ಬಿಗಿಯಾಗಿ ಕಟ್ಟಿದ್ದ ಬಾಗಿಲನ್ನು ಬಿಡಿಸಿ ಒಳಹೋಗಲು ನೆಚ್ಚಿದ್ದು ಈ ಜೇಬುಚಾಕುವನ್ನೇ. ಟಿವಿಯಲ್ಲಿ 1985ರಿಂದ 1992ರವರೆಗೆ ಬಂದ 'ಮೆಕ್‌ಗೈವರ್' ಧಾರಾವಾಹಿಯ ನಾಯಕ ಯಾವ ಸಂಕಟದಿಂದಲಾದರೂ ಇದರ ನೆರವಿನಿಂದ ಪಾರಾಗುತ್ತಿದ್ದ.

ವೆಂಗರ್

ಇಬಾಖ್‌ಗೆ ದೇಶದೊಳಗೇ ಸಮಬಲದ ಪ್ರತಿಸ್ಪರ್ಧಿಯೊಂದು ಇತ್ತು. ಫ್ರೆಂಚ್ ಮಾತಾಡುವ ಜುರಾ ಪ್ರದೇಶದಲ್ಲಿ 1893ರಲ್ಲಿ ಹುಟ್ಟಿ, ಮುಂದೆ ಡೆಲೆಮಾನ್ ಪಟ್ಟಣದಲ್ಲಿ ನೆಲೆನಿಂತ ವೆಂಗರ್ ಕಂಪನಿಯೂ ಸೈನ್ಯಕ್ಕೆ ಚಾಕು ಕೊಡುತ್ತಿತ್ತು. ಜರ್ಮನ್ ಭಾಷೆಯ ಭಾಗಕ್ಕೂ ಫ್ರೆಂಚ್ ಭಾಷೆಯ ಭಾಗಕ್ಕೂ ಮುನಿಸು ಬಾರದಂತೆ 1908ರಲ್ಲಿ ಸರ್ಕಾರ ಈ ಕೆಲಸವನ್ನು ಎರಡೂ ಕಂಪನಿಗಳಿಗೆ ಅರ್ಧಕ್ಕರ್ಧ ಹಂಚಿಕೊಟ್ಟಿತು. ಮುಂದೆ ಜಾಹೀರಾತಿನಲ್ಲಿ ವಿಕ್ಟೊರಿನಾಕ್ಸ್ ತನ್ನದು 'ಮೂಲ' ಚಾಕು ಎಂದರೆ ವೆಂಗರ್ ತನ್ನದು 'ಅಸಲಿ' ಚಾಕು ಎಂದಿತು. ಹಳೆಯ ಚಾಕು ಕೈಗೆ ಸಿಕ್ಕರೆ ಸಂಗ್ರಹಕಾರರು ಎರಡು ಗುರುತು ನೋಡುತ್ತಾರೆ. ವಿಕ್ಟೊರಿನಾಕ್ಸ್‌ನ ಶಿಲುಬೆ ಗುರಾಣಿಯೊಳಗಿದೆ, ವೆಂಗರ್‌ನದು ಮೂಲೆ ದುಂಡಾದ ಚೌಕದೊಳಗಿದೆ. ಡಬ್ಬಿ ತೆರೆಯುವಾಗ ವಿಕ್ಟೊರಿನಾಕ್ಸ್‌ನ ಸಾಧನ ಮುಂದಕ್ಕೆ ಕೊಯ್ಯುತ್ತ ಹೋಗುತ್ತದೆ, ವೆಂಗರ್‌ನದು ಹಿಂದಕ್ಕೆ.

2001 ಮತ್ತು ಆಮೇಲೆ

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ವಿಮಾನದಲ್ಲಿ ಕೈಚೀಲದೊಡನೆ ಚಾಕು ಒಯ್ಯುವುದು ಎಲ್ಲೆಡೆ ನಿಷಿದ್ಧವಾಯಿತು. ವಿಮಾನ ನಿಲ್ದಾಣಗಳ ಸುಂಕರಹಿತ ಅಂಗಡಿಗಳು ಜೇಬುಚಾಕುವಿನ ಬಹುದೊಡ್ಡ ಮಾರುಕಟ್ಟೆಯಾಗಿದ್ದವು. ಅದು ರಾತ್ರಿ ಬೆಳಗಾಗುವುದರೊಳಗೆ ಮುಚ್ಚಿತು. ಪ್ರವಾಸದ ಉಡುಗೊರೆಯಾಗಿ ಕೊಳ್ಳುವವರೂ ಕಂಪನಿಗಳ ಕಾಣಿಕೆಯಾಗಿ ಹಂಚುವವರೂ ಹಿಂದೆಗೆದರು. ಜೇಬುಚಾಕುವಿನ ವ್ಯಾಪಾರ ಸುಮಾರು ಮೂರರಲ್ಲಿ ಒಂದು ಪಾಲು ಕುಸಿಯಿತು.

ಇಂಥ ಹೊಡೆತ ಬಿದ್ದಾಗ ಬಹುಪಾಲು ಕಾರ್ಖಾನೆಗಳು ಮೊದಲು ಮಾಡುವುದು ಕೆಲಸಗಾರರನ್ನು ಕಳಿಸುವುದು. ಇಬಾಖ್‌ನಲ್ಲಿ ಒಬ್ಬರನ್ನೂ ಕಳಿಸಲಿಲ್ಲ. ಹೊಸ ನೇಮಕ ನಿಲ್ಲಿಸಿದರು, ಹೆಚ್ಚುವರಿ ಪಾಳಿ ನಿಲ್ಲಿಸಿದರು, ಬಾಕಿ ರಜೆಯನ್ನು ಈಗಲೇ ತೆಗೆದುಕೊಳ್ಳಿ ಎಂದರು. ಆಮೇಲೂ ಕೈ ಖಾಲಿ ಇದ್ದವರನ್ನು ಸುತ್ತಮುತ್ತಲ ಬೇರೆ ಕಂಪನಿಗಳಿಗೆ ತಾತ್ಕಾಲಿಕವಾಗಿ ಎರವಲು ಕೊಟ್ಟರು. ಬೇಡಿಕೆ ಮರಳಿದಾಗ ಅವರೂ ಮರಳಿದರು. ಒಳ್ಳೆಯ ವರ್ಷಗಳಲ್ಲಿ ಕೂಡಿಟ್ಟ ಹಣ ಇಲ್ಲದಿದ್ದರೆ ಇದು ಬರಿಯ ಸದಾಶಯವಾಗಿ ಉಳಿಯುತ್ತಿತ್ತು. 1890ರ ದಶಕದ ಕಷ್ಟವನ್ನು ಮನೆತನ ಮರೆತಿರಲಿಲ್ಲ. ಸಂಸ್ಥೆಯ ಚರಿತ್ರೆಯಲ್ಲಿ ಅತಿ ಹೆಚ್ಚು ಗೌರವಕ್ಕೆ ಅರ್ಹವಾದ ಘಟ್ಟ ಇದು.

ಈ ಆಘಾತಕ್ಕೆ ಮುನ್ನವೇ, 2000ದಲ್ಲಿ, ಕುಟುಂಬ ಒಂದು ದೊಡ್ಡ ನಿರ್ಧಾರ ಮಾಡಿತ್ತು. ತಲೆಮಾರು ಬೆಳೆದಂತೆ ಪಾಲುದಾರರು ಹೆಚ್ಚಿ, ಯಾರೋ ಒಬ್ಬರು ತಮ್ಮ ಪಾಲು ಮಾರಿ, ಕೊನೆಗೆ ಕಾರ್ಖಾನೆಯೇ ಕೈಬಿಡುವುದು ಕುಟುಂಬದ ಉದ್ಯಮಗಳಲ್ಲಿ ನಾವು ಎಲ್ಲೆಲ್ಲೂ ಕಾಣುವ ಕಥೆ. ಎಲ್ಸೆನರ್ ಮನೆತನದವರು ಒಡೆತನದ ಶೇಕಡಾ 90 ಭಾಗವನ್ನು ಒಂದು ಪ್ರತಿಷ್ಠಾನಕ್ಕೂ ಉಳಿದ ಶೇಕಡಾ 10 ಭಾಗವನ್ನು ಮೂರನೆಯ ಕಾರ್ಲ್ ಮತ್ತು ಪತ್ನಿ ರೋಸಾ ಅವರ ಹೆಸರಿನ ದತ್ತಿಗೂ ಬರೆದುಕೊಟ್ಟರು. ಲಾಭ ಸಂಸ್ಥೆಯಲ್ಲೇ ಉಳಿದು ಅದರ ಬೆಳವಣಿಗೆಗೆ ಒದಗಬೇಕು ಎಂಬುದು ಮೊದಲನೆಯದರ ಉದ್ದೇಶ. ಧರ್ಮಕಾರ್ಯ ಎರಡನೆಯದರದು. ಮಾರಿಕೊಳ್ಳಲು ಕುಟುಂಬದ ಯಾರ ಕೈಯಲ್ಲೂ ಪಾಲಿಲ್ಲದ ಈ ಏರ್ಪಾಟಿನಲ್ಲಿ ನಡೆಸುವ ಹೊಣೆ ಮಾತ್ರ ಮನೆಯವರದು. 2007ರಲ್ಲಿ ಅದು ನಾಲ್ಕನೆಯ ಕಾರ್ಲ್‌ಗೆ ಬಂತು. ಮೂರನೆಯ ಕಾರ್ಲ್ 2013ರಲ್ಲಿ ತೀರಿಕೊಂಡರು.

2001ರ ಪೆಟ್ಟು ವೆಂಗರ್‌ಗೆ ಇನ್ನೂ ಜೋರಾಗಿ ತಗುಲಿತ್ತು. ಅದು ಹೊರದೇಶದವರ ಪಾಲಾಗುವ ಮೊದಲೇ 2005ರಲ್ಲಿ ವಿಕ್ಟೊರಿನಾಕ್ಸ್ ಅದನ್ನು ಕೊಂಡುಕೊಂಡಿತು. ಡೆಲೆಮಾನ್‌ನ ಕಾರ್ಖಾನೆಯನ್ನು ಮುಚ್ಚದೆ ಎಂಟು ವರ್ಷ ಬೇರೆ ಹೆಸರಿನಲ್ಲೇ ನಡೆಸಿತು. 2013ರಲ್ಲಿ ವೆಂಗರ್ ಚಾಕುಗಳು ವಿಕ್ಟೊರಿನಾಕ್ಸ್‌ನ 'ಡೆಲೆಮಾನ್' ಶ್ರೇಣಿಯಾಗಿ ಸೇರಿಹೋದವು. ವೆಂಗರ್ ಎಂಬ ಹೆಸರು ಈಗ ಕೈಗಡಿಯಾರ, ಚೀಲಗಳಲ್ಲಿ ಉಳಿದಿದೆ.

ಇದೇ ಅವಧಿಯಲ್ಲಿ ಸೈನ್ಯಕ್ಕೆ ಹೊಸ ಚಾಕು ಬೇಕಾಯಿತು. ಅಂತರರಾಷ್ಟ್ರೀಯ ವ್ಯಾಪಾರ ನಿಯಮದಂತೆ ಟೆಂಡರನ್ನು ಎಲ್ಲ ದೇಶಗಳಿಗೂ ತೆರೆಯಲೇಬೇಕಿತ್ತು. ಸ್ವಿಸ್ ಸೈನಿಕನ ಚಾಕು ಇನ್ನು ಚೀನಾದಿಂದ ಬಂದೀತೇ ಎಂದು ದೇಶದಲ್ಲಿ ಗುಲ್ಲೆದ್ದಿತು. 75,000 ಚಾಕುಗಳ ಆ ಗುತ್ತಿಗೆಯನ್ನು ವಿಕ್ಟೊರಿನಾಕ್ಸ್ ಸ್ಪರ್ಧೆಯಲ್ಲಿ ಗೆದ್ದುಕೊಂಡಿತು. 2008ರ ಮಾದರಿ 111 ಮಿಲಿಮೀಟರ್ ಉದ್ದದ್ದು, ಹಸಿರು ಮತ್ತು ಕಪ್ಪು ಹಿಡಿಯದು. ಅಲಗನ್ನು ಒಂದೇ ಕೈಯಲ್ಲಿ ತೆರೆಯಬಹುದು, ತೆರೆದ ಮೇಲೆ ಅದು ಕೊಂಡಿಯಿಂದ ಭದ್ರವಾಗಿ ನಿಲ್ಲುತ್ತದೆ. ಜೊತೆಗೆ ಮರ ಕೊಯ್ಯುವ ಗರಗಸವೂ ಇದೆ.

ಇಂದಿನ ಸ್ಥಿತಿ

ಅಡುಗೆಮನೆಯ ಮತ್ತು ಕಟುಕರ ಚಾಕುಗಳು ಸಂಸ್ಥೆಯ ಹಳೆಯ ಕವಲು. ಜೇಬುಚಾಕುವಿನ ಖ್ಯಾತಿಯ ನೆರಳಲ್ಲಿ ಅದು ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ. ವೃತ್ತಿಯ ಬಾಣಸಿಗರಲ್ಲಿ ಅದರ ಹೆಸರು ದೊಡ್ಡದು. 1989ರಲ್ಲಿ ಅಮೆರಿಕದ ಮಾರಾಟಗಾರರ ಮೂಲಕ ಕೈಗಡಿಯಾರ ಬಂತು, ಆಮೇಲೆ ಪ್ರಯಾಣದ ಪೆಟ್ಟಿಗೆಗಳು, ಸುಗಂಧ. ಚಾಕು ಒಯ್ಯಲಾಗದ ಪ್ರಯಾಣಿಕ ಅದೇ ಗುರಾಣಿಯ ಗುರುತಿನ ಪೆಟ್ಟಿಗೆಯನ್ನು ಒಯ್ಯುತ್ತಾನೆ. ಭಾರತದ ನಗರಗಳಲ್ಲಿ ಹಲವರಿಗೆ ಈ ಹೆಸರು ಮೊದಲು ಪರಿಚಯವಾದದ್ದು ಪೆಟ್ಟಿಗೆಗಳಿಂದಲೇ ಇರಬೇಕು. 2017ರಲ್ಲಿ ಜೇಬುಚಾಕುಗಳ ಒಟ್ಟು ಸಂಖ್ಯೆ 50 ಕೋಟಿ ಮುಟ್ಟಿತು. ಇಬಾಖ್‌ನಲ್ಲಿ ಸಾಣೆಯಿಂದ ಉದುರುವ ಉಕ್ಕಿನ ಕೆಸರನ್ನು ಬಸಿದು ಮರುಬಳಕೆಗೆ ಕಳಿಸುತ್ತಾರೆ. ಯಂತ್ರಗಳಿಂದ ಹೊಮ್ಮುವ ಶಾಖದಿಂದ ಕಾರ್ಖಾನೆಯನ್ನೂ ಹತ್ತಿರದ ಮನೆಗಳನ್ನೂ ಬೆಚ್ಚಗಿಡುತ್ತಾರೆ.

ಚಾಕು ಒಯ್ಯುವುದರ ಮೇಲಿನ ಕಟ್ಟುಪಾಡು ಈಗ ವಿಮಾನಕ್ಕಷ್ಟೇ ಸೀಮಿತವಲ್ಲ. ಬ್ರಿಟನ್ನಿನಲ್ಲಿ ಸಕಾರಣವಿಲ್ಲದೆ ಮೂರು ಅಂಗುಲಕ್ಕಿಂತ ಉದ್ದದ ಅಲಗು ಜೇಬಿನಲ್ಲಿರಕೂಡದು. ಕೊಂಡಿಯಿಂದ ಭದ್ರವಾಗಿ ನಿಲ್ಲುವ ಅಲಗು ಅದಕ್ಕಿಂತ ಚಿಕ್ಕದಾದರೂ ಸಲ್ಲದು. ಸೈಕಲ್ ಸವಾರರಿಗೆ, ಗಾಲ್ಫ್ ಆಡುವವರಿಗೆ ಅಲಗಿಗಿಂತ ತಮ್ಮ ಆಟಕ್ಕೆ ಬೇಕಾದ ಸಾಧನವೇ ಮುಖ್ಯ. ಇಂಥವರಿಗಾಗಿ ಅಲಗಿಲ್ಲದ ಜೇಬು ಸಾಧನಗಳನ್ನು ರೂಪಿಸುತ್ತಿರುವುದಾಗಿ ನಾಲ್ಕನೆಯ ಕಾರ್ಲ್ ಎಲ್ಸೆನರ್ 2024ರಲ್ಲಿ ತಿಳಿಸಿದರು. ಅಲಗಿರುವ ಚಾಕುಗಳ ತಯಾರಿಕೆ ಎಂದಿನಂತೆ ಮುಂದುವರಿಯುತ್ತದೆ ಎಂದೂ ಸಂಸ್ಥೆ ಸ್ಪಷ್ಟಪಡಿಸಿತು.